ಬ್ಲ್ಯಾಕ್ ಪ್ಯಾಚ್ ಹೊಗೆಸೊಪ್ಪು ಸಮರ

ಅಮೆರಿಕದ ಪಶ್ಚಿಮ ಕೆಂಟಕಿ ಮತ್ತು ಅದಕ್ಕೆ ತಾಗಿದ ಉತ್ತರ ಟೆನೆಸಿಯಲ್ಲಿ 1904ರಿಂದ 1909ರವರೆಗೆ ಹೊಗೆಸೊಪ್ಪು ಖರೀದಿಯ ಏಕಸ್ವಾಮ್ಯದ ವಿರುದ್ಧ ಬೆಳೆಗಾರರು ನಡೆಸಿದ ಹೋರಾಟ. ಸೌದೆಯ ಹೊಗೆಯಲ್ಲಿ ಹದಮಾಡಿದ ಕಡುಬಣ್ಣದ ಸೊಪ್ಪಿನಿಂದಲೇ ಆ ಸೀಮೆಗೆ ‘ಬ್ಲ್ಯಾಕ್ ಪ್ಯಾಚ್’ ಎಂಬ ಹೆಸರು ಬಂತು.

ಜೇಮ್ಸ್ ಬಿ. ಡ್ಯೂಕ್ 1890ರಲ್ಲಿ ಕಟ್ಟಿದ ಅಮೆರಿಕನ್ ಟೊಬ್ಯಾಕೊ ಕಂಪನಿ ಎದುರಾಳಿಗಳನ್ನು ಒಬ್ಬೊಬ್ಬರನ್ನಾಗಿ ನುಂಗಿಕೊಂಡಿತು. ಮೊದಲು ಹತ್ತಾರು ವ್ಯಾಪಾರಿಗಳು ಬರುತ್ತಿದ್ದ ರೈತನ ಬಾಗಿಲಿಗೆ ಈಗ ಒಬ್ಬನೇ ಏಜೆಂಟ್. ಅವನು ಹೇಳಿದ್ದೇ ಬೆಲೆ. ಸೊಪ್ಪಿನ ಮೇಲೆ ಪೌಂಡಿಗೆ 6 ಸೆಂಟಿನ ಫೆಡರಲ್ ತೆರಿಗೆಯೂ ಇದ್ದುದರಿಂದ ರೈತ ತಾನೇ ನೇರವಾಗಿ ಮಾರಿಕೊಳ್ಳುವ ದಾರಿಯೂ ಮುಚ್ಚಿತ್ತು. ಬೆಳೆದ ಖರ್ಚೂ ಹುಟ್ಟದಾಯಿತು.

1904ರ ಸೆಪ್ಟೆಂಬರ್ 24ರಂದು ಗತ್ರಿ ಪಟ್ಟಣದಲ್ಲಿ ಸಾವಿರಾರು ರೈತರು ಸೇರಿ ಬೆಳೆಗಾರರ ರಕ್ಷಣಾ ಸಂಘ ಕಟ್ಟಿದರು. ಮುಂದಾಳು ಫೀಲಿಕ್ಸ್ ಯೂಯಿಂಗ್. ಎಲ್ಲರ ಸೊಪ್ಪೂ ಸಂಘದ ಗೋದಾಮಿಗೆ, ಒಳ್ಳೆಯ ಬೆಲೆ ಬರುವವರೆಗೆ ಯಾರೂ ಮಾರಬಾರದು ಎಂಬುದು ಕಟ್ಟು. ಕಂಪನಿ ಜಾಣತನ ತೋರಿತು: ಸಂಘದ ಹೊರಗಿದ್ದವರಿಗೆ ಹೆಚ್ಚು ಬೆಲೆ ಕೊಟ್ಟಿತು.

ಅಲ್ಲಿಂದ ರೈತನಿಗೆ ರೈತನೇ ಹಗೆಯಾದ. ಡೇವಿಡ್ ಏಮಸ್ ಎಂಬ ಹಳ್ಳಿಯ ವೈದ್ಯನ ನಾಯಕತ್ವದಲ್ಲಿ ‘ನೈಟ್ ರೈಡರ್ಸ್’ ಎಂಬ ಗುಪ್ತ ಪಡೆ ಹುಟ್ಟಿತು. ಮುಖಕ್ಕೆ ಬಟ್ಟೆ ಕಟ್ಟಿ, ಕುದುರೆ ಏರಿ ರಾತ್ರಿ ಬಂದು, ಕಂಪನಿಗೆ ಮಾರಿದವನನ್ನು ಮನೆಯಿಂದ ಎಳೆದು ಚಾವಟಿಯಿಂದ ಹೊಡೆಯುತ್ತಿದ್ದರು. ಅದಕ್ಕಿಂತ ಕ್ರೂರವಾದದ್ದು ಸಸಿಮಡಿ ಕೆರೆದು ಹಾಕುವುದು. ಗುದ್ದಲಿ ಹಿಡಿದ ನಾಲ್ಕು ಜನ ಸಾಕು, ಒಂದು ಕುಟುಂಬದ ಇಡೀ ವರ್ಷದ ಅನ್ನ ಮಣ್ಣುಪಾಲು.

1906ರ ಡಿಸೆಂಬರ್ 1ರಂದು ಪ್ರಿನ್ಸ್‌ಟನ್‌ನಲ್ಲಿ ಈ ಪಡೆ ಹೊಗೆಸೊಪ್ಪಿನ ಗೋದಾಮುಗಳನ್ನು ಸುಟ್ಟಿತು. ಮರುವರ್ಷ ಡಿಸೆಂಬರ್ 7ರ ನಸುಕಿನಲ್ಲಿ ನೂರಾರು ಮಂದಿ ಹಾಪ್ಕಿನ್ಸ್‌ವಿಲ್ ನಗರಕ್ಕೆ ನುಗ್ಗಿ, ಪೊಲೀಸ್ ಠಾಣೆ, ಅಗ್ನಿಶಾಮಕ ಠಾಣೆ, ಟೆಲಿಫೋನ್ ಕಚೇರಿಗಳನ್ನು ಹಿಡಿದಿಟ್ಟುಕೊಂಡು ಗೋದಾಮುಗಳಿಗೆ ಬೆಂಕಿಯಿಟ್ಟರು. ಗವರ್ನರ್ ಆಗಸ್ಟಸ್ ವಿಲ್ಸನ್ ಸೈನಿಕರನ್ನು ಇಳಿಸಬೇಕಾಯಿತು.

ಕಂಪನಿಯ ಮೇಲಿನ ಸಿಟ್ಟು ಅಲ್ಲಿಗೇ ನಿಲ್ಲಲಿಲ್ಲ. ಎಷ್ಟೋ ಕರಿಯ ರೈತರು ಸಂಘದ ಸದಸ್ಯರೇ ಆಗಿದ್ದರೂ, 1908ರ ಮಾರ್ಚ್‌ನಲ್ಲಿ ಕೆಂಟಕಿಯ ಬರ್ಮಿಂಗ್‌ಹ್ಯಾಮ್‌ನಲ್ಲಿ ನೈಟ್ ರೈಡರ್ಸ್ ಕರಿಯರ ಮನೆಗಳ ಮೇಲೆ ಗುಂಡು ಹಾರಿಸಿದರು. ಒಬ್ಬ ಮುದುಕ, ಅವನ ಪುಟ್ಟ ಮೊಮ್ಮಗು ಸತ್ತರು. ಉಳಿದವರು ಊರು ಬಿಟ್ಟರು. ಇದಕ್ಕೂ ಸೊಪ್ಪಿನ ಬೆಲೆಗೂ ಸಂಬಂಧವೇ ಇರಲಿಲ್ಲ. ಈ ಸಮರವನ್ನು ಬರಿಯ ರೈತ ವೀರಗಾಥೆಯಾಗಿ ಹೇಳುವವರು ಈ ರಾತ್ರಿಯನ್ನು ಬಿಟ್ಟು ಹೇಳುತ್ತಾರೆ.

ಬೆಲೆ ಏರಿದ್ದು ನಿಜ. 1909ರಲ್ಲಿ ಸೊಪ್ಪಿನ ತೆರಿಗೆಯೂ ರದ್ದಾಯಿತು. 1911ರಲ್ಲಿ ಸುಪ್ರೀಂ ಕೋರ್ಟ್ ಡ್ಯೂಕ್‌ನ ಕಂಪನಿಯನ್ನು ಒಡೆಯಲು ಆದೇಶಿಸಿತು. ಆ ದಾವೆ ಹೂಡಿದ್ದು ಫೆಡರಲ್ ಸರ್ಕಾರ. ಅದೇ ವರ್ಷ ವಿಚಾರಣೆಗೆ ನಿಂತ ಏಮಸ್‌ನನ್ನು ಜ್ಯೂರಿ ನಿರ್ದೋಷಿ ಎಂದು ಬಿಟ್ಟಿತು.