ನ್ಯೂಟನ್ನನ ದೊಡ್ಡಮನೆ

ಇಂಗ್ಲೆಂಡಿನ ಚರಿತ್ರೆಯನ್ನು ಓದಿದವರಿಗೆ 'ಮ್ಯಾನರ್' ಎಂಬ ಮಾತು ಪರಿಚಿತವಾದುದೇ. ನಮ್ಮ ಹಳ್ಳಿಗಳ ದೊಡ್ಡಮನೆಗೂ ಅದಕ್ಕೂ ಹೋಲಿಕೆಯುಂಟು: ಸುತ್ತಣ ಜಮೀನಿನ ಒಡೆತನ, ಒಕ್ಕಲುಗಳಿಂದ ಬರುವ ಆದಾಯ, ಊರಿನಲ್ಲಿ ಗೌರವ, ಇವೆಲ್ಲವೂ ಅಂಥ ಮನೆಗೆ ಸೇರಿದ್ದುವು. ಇವುಗಳಲ್ಲಿ ಕೆಲವು ಅರಮನೆಗಳಂತೆಯೇ ಇವೆ. ಆದರೆ ಲಿಂಕನ್‌ಷೈರ್ ಪ್ರಾಂತದ ವೂಲ್ಸ್‌ಥಾರ್ಪ್ ಎಂಬ ಹಳ್ಳಿಯ ಮ್ಯಾನರ್ ಮಾತ್ರ ಅನುಕೂಲಸ್ಥ ರೈತನೊಬ್ಬನ ಮನೆಗಿಂತ ಹೆಚ್ಚಿನದಲ್ಲ. ಸುಣ್ಣಕಲ್ಲಿನ ಗೋಡೆ, ಎರಡು ಅಂತಸ್ತು, ಮುಂದೆ ಒಂದು ಹಣ್ಣಿನ ತೋಟ, ಇಷ್ಟೇ. ಐಸಾಕ್ ನ್ಯೂಟನ್ ಜನಿಸಿದುದು ಇಲ್ಲಿ.

ಲಂಡನ್ನಿನಿಂದ ಹೊರಟವರು ಸ್ವಂತ ವಾಹನವಿಲ್ಲದೆ ಒಂದೇ ದಿನದಲ್ಲಿ ಇದನ್ನು ನೋಡಿ ಬರಬಹುದು. ಕಿಂಗ್ಸ್ ಕ್ರಾಸ್ ನಿಲ್ದಾಣದಲ್ಲಿ ರೈಲು ಹತ್ತಿದರೆ, ಸುಮಾರು 105 ಮೈಲಿ ದೂರದ ಗ್ರಾಂಥಮ್ ಪಟ್ಟಣಕ್ಕೆ ಒಂದು ಗಂಟೆಗಿಂತ ತುಸು ಹೆಚ್ಚು ಹೊತ್ತಿನಲ್ಲಿ ತಲಪಬಹುದು. ಅಲ್ಲಿ 1858ರಲ್ಲಿ ಸ್ಥಾಪಿತವಾದ ನ್ಯೂಟನ್ನನ ಕಂಚಿನ ಪ್ರತಿಮೆಯಿದೆ. ಅವನು ಓದಿದ ಶಾಲೆಯಿದೆ. ಅಲ್ಲಿಂದ ದಕ್ಷಿಣಕ್ಕೆ ಏಳೆಂಟು ಮೈಲಿ ಬಸ್ಸಿನಲ್ಲಿ ಸಾಗಿ, ಕೋಲ್ಸ್‌ಟರ್‌ವರ್ತ್‌ನಲ್ಲಿ ಇಳಿದು ಸ್ವಲ್ಪ ದೂರ ನಡೆದರೆ ಮನೆ ಸಿಕ್ಕುತ್ತದೆ. ಹಳ್ಳಿಗಾಡಿನ ಬಸ್ಸುಗಳು ವಿರಳವಾದುದರಿಂದ ಹಿಂದಿರುಗುವ ವೇಳೆಯನ್ನು ಮೊದಲೇ ವಿಚಾರಿಸಿಟ್ಟುಕೊಳ್ಳುವುದು ಲೇಸು.

ಈ ಮ್ಯಾನರನ್ನು ಕೊಂಡವನು ನ್ಯೂಟನ್ನನ ತಾತ ರಾಬರ್ಟ್. ಅದು 1623ರ ಮಾತು. ಮೊಮ್ಮಗನು ಆಗಿನ ಪಂಚಾಂಗದಂತೆ 1642ರ ಡಿಸೆಂಬರ್ 25ರಂದು ಹುಟ್ಟಿದನು. ತಂದೆ ಅದಕ್ಕೆ ಮೂರು ತಿಂಗಳ ಹಿಂದೆಯೇ ತೀರಿಹೋಗಿದ್ದನು. ಮಗುವಿಗೆ ಮೂರು ವರ್ಷವಾದಾಗ ತಾಯಿ ಮರುಮದುವೆಯಾಗಿ ಬೇರೆ ಊರಿಗೆ ಹೋದಳು. ಹುಡುಗನು ಅಜ್ಜಿಯ ಬಳಿ ಬೆಳೆದನು. ಮತ್ತೆ ವಿಧವೆಯಾಗಿ ಬಂದ ಆಕೆ, ಹದಿನಾರು ಹದಿನೇಳು ವರ್ಷದ ಮಗನನ್ನು ಶಾಲೆಯಿಂದ ಬಿಡಿಸಿ, ಬೇಸಾಯಕ್ಕೆ ಹಚ್ಚಿದಳು. ಫಲವೇನಾಯಿತು? ಕುರಿಗಳು ಅಂಕೆತಪ್ಪಿ ಹೊಲಗಳಿಗೆ ನುಗ್ಗಿದುವು, ಹಂದಿಗಳು ಪೈರಿಗೆ ಬಿದ್ದುವು, ಬೇಲಿ ಹಾಳಾಯಿತು. 1659ರಲ್ಲಿ ಊರ ನ್ಯಾಯಸಭೆ ಅವನಿಗೆ ದಂಡ ವಿಧಿಸಿತು. ಕುರಿಗಳ ಲೆಕ್ಕದಲ್ಲೇ 3 ಷಿಲಿಂಗು 4 ಪೆನ್ಸು! ಕಡೆಗೆ ಸೋದರಮಾವನೂ ಶಾಲೆಯ ಉಪಾಧ್ಯಾಯನೂ ತಾಯಿಯನ್ನು ಒಪ್ಪಿಸಿದರು. 1661ರಲ್ಲಿ ಅವನು ಕೇಂಬ್ರಿಜ್ಜಿನ ಟ್ರಿನಿಟಿ ಕಾಲೇಜನ್ನು ಸೇರಿದನು.

ಹೀಗೆ ತಪ್ಪಿಸಿಕೊಂಡು ಹೋದ ಮನೆಗೇ ಅವನು ಮರಳಿ ಬರಬೇಕಾಯಿತು. 1665ರಲ್ಲಿ ಪ್ಲೇಗು ಹರಡಿದುದರಿಂದ ವಿಶ್ವವಿದ್ಯಾನಿಲಯದ ಪಾಠಗಳು ನಿಂತುವು. ಪ್ಲೇಗಿಗೆ ಹೆದರಿ ಊರು ಬಿಡುವುದೆಂದರೇನೆಂಬುದನ್ನು ಮೈಸೂರು ಸೀಮೆಯವರಿಗೆ ಹೇಳಬೇಕಾಗಿಲ್ಲ. 1898ರಲ್ಲಿ ಬೆಂಗಳೂರಿನ ಜನ ಅದನ್ನು ಕಂಡಿದ್ದರು. ನಡುವೆ ಕೆಲವು ತಿಂಗಳು ಹೊರತು, 1667ರ ವಸಂತದವರೆಗೂ ನ್ಯೂಟನ್ ತನ್ನ ಪ್ರಾಂತದಲ್ಲೇ ಇದ್ದನು. ನೆರೆಯ ಬೂತ್‌ಬಿ ಎಂಬಲ್ಲಿ ಕುಳಿತು ಒಂದು ವಕ್ರರೇಖೆಯ ಕ್ಷೇತ್ರಫಲವನ್ನು 52 ಅಂಕಿಗಳವರೆಗೆ ಗುಣಿಸಿ ತೆಗೆದುದನ್ನು ಅವನೇ ಬರೆದಿಟ್ಟಿದ್ದಾನೆ. ಕಲನಗಣಿತ, ಬೆಳಕಿನ ಬಣ್ಣಗಳು, ಚಂದ್ರನನ್ನು ಹಿಡಿದಿರುವ ಬಲ, ಈ ಮೂರು ಚಿಂತನೆಗಳೂ ಆ ದಿನಗಳಲ್ಲಿ ಬೆಳೆದುವು.

ಸೇಬಿನ ಕಥೆ ಎಲ್ಲರಿಗೂ ಗೊತ್ತು. ಹಣ್ಣು ತಲೆಯ ಮೇಲೆ ಬಿದ್ದಿತೆಂಬುದು ಮಾತ್ರ ಕಟ್ಟುಕಥೆ. ಸೇಬು ಬೀಳುವುದನ್ನು ಕಂಡು ಯೋಚನೆ ಹುಟ್ಟಿತೆಂದು ಮುದುಕನಾದ ನ್ಯೂಟನ್ 1726ರಲ್ಲಿ ತನ್ನ ಸ್ನೇಹಿತ ಸ್ಟ್ಯೂಕ್ಲಿಗೆ ಹೇಳಿದನು. ಆ ಮರ 1820ರಲ್ಲಿ ಬಿರುಗಾಳಿಗೆ ಉರುಳಿದರೂ ಬೇರು ಸಾಯದೆ ಮತ್ತೆ ಚಿಗುರಿತು. 1943ರಲ್ಲಿ ಮನೆ ನ್ಯಾಷನಲ್ ಟ್ರಸ್ಟಿನ ವಶಕ್ಕೆ ಬಂದಿತು.

ಏಕಾಂತವೊಂದೇ ಇಷ್ಟೆಲ್ಲವನ್ನು ಮಾಡಿತೆಂದು ತಿಳಿಯುವುದು ಸರಿಯಲ್ಲ. ಅದೇ ಏಕಾಂತದಲ್ಲಿ ಹಿಂದೆ ಅವನು ದಂಡ ತೆರುವ ರೈತನಾಗಿದ್ದನು. ಎರಡನೆಯ ಸಲ ಬರುವಾಗ ನಾಲ್ಕು ವರ್ಷಗಳ ವ್ಯಾಸಂಗವನ್ನೂ ಉತ್ತರ ಬೇಡುವ ಪ್ರಶ್ನೆಗಳನ್ನೂ ಹೊತ್ತು ತಂದಿದ್ದನು. ಆ ಮೇಲೂ ಗುರುತ್ವದ ನಿಯಮ 'ಪ್ರಿನ್ಸಿಪಿಯ' ಗ್ರಂಥದಲ್ಲಿ ಹೊರಬರಲು 1687ರವರೆಗೆ, ಎಂದರೆ ಇಪ್ಪತ್ತು ವರ್ಷ, ಕಾಯಬೇಕಾಯಿತು. ಆ ಹುಡುಗನ ಪರವಾಗಿ ತಾಯಿಯೊಡನೆ ವಾದಿಸಿದ ಇಬ್ಬರು ಹಿರಿಯರನ್ನು ಈ ಮರದ ನೆರಳಿನಲ್ಲಿ ನಿಂತವರು ನೆನೆಯಬೇಕು. ಅವರಿಲ್ಲದಿದ್ದರೆ ಸೇಬು ಬೀಳುತ್ತಿತ್ತು. ಅದನ್ನು ಕಂಡು ಚಂದ್ರನನ್ನು ನೆನೆಯುವವನು ಅಲ್ಲಿ ಇರುತ್ತಿರಲಿಲ್ಲ.