ಹುಲ್ಲಿನ ಪೂರ್ವಸಂಸ್ಕರಣೆ (ಎಥೆನಾಲ್ ತಯಾರಿಕೆ)

ಭತ್ತದ ಹುಲ್ಲು, ನೇಪಿಯರ್, ಸ್ವಿಚ್‌ಗ್ರಾಸ್, ಬಿದಿರು ಮೊದಲಾದ ಹುಲ್ಲಿನ ಕುಟುಂಬದ ಸಸ್ಯಗಳ ನಾರನ್ನು ಸಡಿಲಿಸಿ, ಅದರಲ್ಲಿ ಬಂಧಿತವಾದ ಸಕ್ಕರೆ ಕಿಣ್ವಗಳಿಗೆ ಎಟುಕುವಂತೆ ಮಾಡುವ ಕ್ರಿಯೆ. ಕಬ್ಬಿನ ಹಾಲನ್ನೋ ಕಾಕಂಬಿಯನ್ನೋ ನೇರವಾಗಿ ಹುದುಗಿಸಬಹುದು. ಹುಲ್ಲಿಗೆ ಈ ಹಂತ ತಪ್ಪಿದ್ದಲ್ಲ; ಎರಡನೇ ತಲೆಮಾರಿನ (2ಜಿ) ಎಥೆನಾಲ್‌ನ ಲಾಭನಷ್ಟ ಬಹುಪಾಲು ಇಲ್ಲಿಯೇ ತೀರ್ಮಾನವಾಗುತ್ತದೆ.

ಒಣಹುಲ್ಲಿನ ತೂಕದಲ್ಲಿ ಸುಮಾರು ಮೂರನೇ ಒಂದು ಪಾಲು ಸೆಲ್ಯುಲೋಸ್, ಅಂದರೆ ಗ್ಲೂಕೋಸ್‌ನ ಉದ್ದ ಸರಪಳಿ. ಅದನ್ನು ಹೆಮಿಸೆಲ್ಯುಲೋಸ್ ಸುತ್ತಿಕೊಂಡಿರುತ್ತದೆ. ಇದರ ಮುಖ್ಯ ಸಕ್ಕರೆ ಕ್ಸೈಲೋಸ್. ಇವುಗಳ ನಡುವೆ ಲಿಗ್ನಿನ್ ಗಾರೆಯಂತೆ ತುಂಬಿ, ಕಿಣ್ವಗಳನ್ನು ಒಳಬಿಡುವುದಿಲ್ಲ. ಹುಲ್ಲಿನಲ್ಲಿ ಈ ಬೆಸುಗೆಯ ಒಂದು ಭಾಗ ಫೆರುಲಿಕ್ ಆಮ್ಲದ ಎಸ್ಟರ್ ಬಂಧಗಳದು. ಅವು ಕ್ಷಾರಕ್ಕೆ ಬೇಗ ಬಿಚ್ಚಿಕೊಳ್ಳುತ್ತವೆ. ಹಾಗಾಗಿಯೇ ಮರದ ಹೊಟ್ಟಿಗಿಂತ ಹುಲ್ಲು ಕ್ಷಾರಕ್ಕೆ ಚೆನ್ನಾಗಿ ಮಣಿಯುತ್ತದೆ.

ಹೈನುಗಾರರಿಗೆ ಇದು ಹೊಸತಲ್ಲ. 100 ಕೆ.ಜಿ. ಒಣಹುಲ್ಲಿಗೆ 4 ಕೆ.ಜಿ. ಯೂರಿಯಾ ಕರಗಿಸಿದ ನೀರು ಚಿಮುಕಿಸಿ, ಮೂರು ವಾರ ಗಾಳಿಯಾಡದಂತೆ ಮುಚ್ಚಿಟ್ಟರೆ, ಹೊಮ್ಮುವ ಅಮೋನಿಯಾ ಎಂಬ ಕ್ಷಾರ ಹುಲ್ಲನ್ನು ಮೆತ್ತಗಾಗಿಸುತ್ತದೆ. ದನಕ್ಕೆ ಹೆಚ್ಚು ಜೀರ್ಣವಾಗುತ್ತದೆ. ಅಮೆರಿಕದ ಮಿಷಿಗನ್ ಸ್ಟೇಟ್ ವಿಶ್ವವಿದ್ಯಾಲಯದ ಬ್ರೂಸ್ ಡೇಲ್ ಬೆಳೆಸಿದ ಎಎಫ್‌ಇಎಕ್ಸ್ ವಿಧಾನದಲ್ಲೂ ಕೆಲಸ ಮಾಡುವುದು ಅಮೋನಿಯಾವೇ. ಅಲ್ಲಿ ಒತ್ತಡದಲ್ಲಿರುವ ದ್ರವ ಅಮೋನಿಯಾದೊಡನೆ ಹುಲ್ಲನ್ನು ಬಿಸಿಮಾಡಿ, ಒತ್ತಡವನ್ನು ಥಟ್ಟನೆ ಇಳಿಸುತ್ತಾರೆ. ವಾರಗಳ ಕೆಲಸ ನಿಮಿಷಗಳಲ್ಲಿ ಮುಗಿಯುತ್ತದೆ.

ಹೆಚ್ಚು ಬಳಕೆಯ ಇನ್ನೊಂದು ದಾರಿ ಸಾರರಿಕ್ತ ಗಂಧಕಾಮ್ಲ ಮತ್ತು ಹಬೆ. 140ರಿಂದ 200 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹೆಮಿಸೆಲ್ಯುಲೋಸ್ ಕರಗಿ ಬೇರೆಯಾಗುತ್ತದೆ. ಕಾವು ಅಥವಾ ಸಮಯ ಹದ ಮೀರಿದರೆ ಮಾತ್ರ ಕ್ಸೈಲೋಸ್ ಫರ್‌ಫ್ಯೂರಲ್ ಆಗಿ, ಸಕ್ಕರೆಯೂ ನಷ್ಟ, ಮುಂದೆ ಯೀಸ್ಟ್‌ಗೂ ವಿಷ. ಕ್ಸೈಲೋಸ್ ಉಳಿದರೂ ಸಾಮಾನ್ಯ ಯೀಸ್ಟ್ ಅದನ್ನು ಹುದುಗಿಸದು. ಅದಕ್ಕೆ ತಳಿ ಮಾರ್ಪಡಿಸಿದ ಯೀಸ್ಟ್ ಬೇಕು. ಭತ್ತದ ಹುಲ್ಲಿನಲ್ಲಿ ಸಿಲಿಕಾ ಹೆಚ್ಚಿರುವುದರಿಂದ ಯಂತ್ರಗಳೂ ಬೇಗ ಸವೆಯುತ್ತವೆ.

ಭಾರತದಲ್ಲಿ ಇಂಡಿಯನ್ ಆಯಿಲ್ 2022ರ ಆಗಸ್ಟ್‌ನಲ್ಲಿ ಹರಿಯಾಣದ ಪಾಣಿಪತ್‌ನಲ್ಲಿ ತೆರೆದ ಘಟಕದ ಕಚ್ಚಾವಸ್ತು ಭತ್ತದ ಹುಲ್ಲು. ಸಾಮರ್ಥ್ಯ ದಿನಕ್ಕೆ 100 ಕಿಲೋಲೀಟರ್. ಅಸ್ಸಾಂನ ನುಮಲೀಗಢದಲ್ಲಿ 2025ರ ಸೆಪ್ಟೆಂಬರ್‌ನಲ್ಲಿ ಉದ್ಘಾಟನೆಯಾದ ಘಟಕ ಬಿದಿರನ್ನು ಬಳಸುತ್ತದೆ. ಯೀಸ್ಟ್‌ಗೆ ವಿಷವಾದ ಫರ್‌ಫ್ಯೂರಲ್ ಅಲ್ಲಿ ಎಥೆನಾಲ್ ಜೊತೆಗೆ ಮಾರಾಟದ ಉತ್ಪನ್ನ.