ಡಾ॥ ಸೌಂದರಂ ರಾಮಚಂದ್ರನ್

ದಿಂಡಿಗಲ್ಲೆಂಬ ಹೆಸರು ಕನ್ನಡ ವಿದ್ಯಾರ್ಥಿಗಳಿಗೆ ತೀರ ಅಪರಿಚಿತವಾದುದಲ್ಲ. 1755ರಲ್ಲಿ ಹೈದರಾಲಿಯು ಅಲ್ಲಿನ ಫೌಜುದಾರನಾದುದನ್ನೂ, 1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಟಿಪ್ಪುವು ಆ ಸೀಮೆಯನ್ನು ಕಂಪೆನಿಯವರಿಗೆ ಬಿಟ್ಟುಕೊಡಬೇಕಾಗಿ ಬಂದುದನ್ನೂ ನಾವು ಮೈಸೂರಿನ ಚರಿತ್ರೆಯಲ್ಲಿ ಓದುತ್ತೇವೆ. ಅಲ್ಲಿಂದಾಚೆಗೆ ಆ ಊರು ನಮ್ಮ ಪುಸ್ತಕಗಳಿಂದ ಮರೆಯಾಗುತ್ತದೆ. ಆದರೆ ಕನ್ನಡವು ಆ ಸೀಮೆಯಿಂದ ಮರೆಯಾಗಲಿಲ್ಲ. ಕಂಬಂ ಕಣಿವೆಯ ಕಪ್ಪಿಲಿಯರ ಮನೆಗಳಲ್ಲಿಯೂ ದಿಂಡಿಗಲ್ ಕಡೆಯ ದೇವಾಂಗ ನೇಕಾರರಲ್ಲಿ ಅನೇಕರ ಮನೆಗಳಲ್ಲಿಯೂ, ಲಿಪಿ ತಮಿಳಾದರೂ, ಒಲೆಯ ಮುಂದಿನ ಮಾತು ಕನ್ನಡವಾಗಿಯೇ ತಲೆಮಾರುಗಳ ಕಾಲ ಉಳಿದು ಬಂದಿತು. ಈ ಬಹುಭಾಷೆಯ ನಾಡಿನಲ್ಲಿ, ಸಿರುಮಲೈ ಬೆಟ್ಟದ ಬುಡದಲ್ಲಿ, ಒಬ್ಬ ವೈದ್ಯೆಯು ಮೊದಲು ಒಂದು ಚಿಕಿತ್ಸಾಲಯವನ್ನು ತೆರೆದು, ಬಳಿಕ ಒಂದು ಗ್ರಾಮವನ್ನೇ ಕಟ್ಟಿ, ಅದರ ಬಳಿಕ ಜನರ ಮತ ಪಡೆದು ಶಾಸನಸಭೆಗೆ ಹೋದರು. ಈ ಅನುಕ್ರಮವನ್ನು ವಾಚಕರು ಗಮನದಲ್ಲಿಟ್ಟುಕೊಳ್ಳಬೇಕು. ಸಾಮಾನ್ಯವಾಗಿ ನಾವು ಕಾಣುವುದು ಇದಕ್ಕೆ ವಿಪರೀತವಾದ ಕ್ರಮವನ್ನು: ಮೊದಲು ಮತ, ಆಮೇಲೆ ಸೇವೆಯ ಮಾತು.

ಸೌಂದರಂ ಅವರು 1904ರ ಆಗಸ್ಟ್ 18ರಂದು ತಿರುನೆಲ್ವೇಲಿಯಲ್ಲಿ ಜನಿಸಿದರು. ತಂದೆ ಟಿ. ವಿ. ಸುಂದರಂ ಅಯ್ಯಂಗಾರರು, ದಕ್ಷಿಣದ ರಸ್ತೆಗಳಲ್ಲಿ ಬಸ್ಸುಗಳನ್ನು ಓಡಿಸಿ, ಮಧುರೆಯಲ್ಲಿ ನೆಲೆನಿಂತು, ಟಿ.ವಿ.ಎಸ್. ಎಂಬ ಮೂರಕ್ಷರಗಳನ್ನು ಮನೆಮಾತಾಗಿಸಿದವರು. ಐಶ್ವರ್ಯವಿದ್ದ ಮನೆಯಾದರೂ ಆಚಾರವು ಅಂದಿನದೇ. 1918ರಲ್ಲಿ, ಇನ್ನೂ ಶಾಲೆಯಲ್ಲಿರಬೇಕಾದ ವಯಸ್ಸಿನಲ್ಲಿ, ಅವರಿಗೆ ಡಾ॥ ಸೌಂದರರಾಜನ್ ಎಂಬ ಬಂಧುವಿನೊಡನೆ ವಿವಾಹವಾಯಿತು. ಪತಿಯು ವೈದ್ಯರು, ಹೆಂಡತಿಯ ಓದಿಗೆ ಒತ್ತಾಸೆಯಾಗಿದ್ದವರು. 1925ರಲ್ಲಿ ಮಧುರೆಯಲ್ಲಿ ಪ್ಲೇಗು ಹರಡಿದಾಗ ರೋಗಿಗಳ ಶುಶ್ರೂಷೆಯಲ್ಲಿದ್ದ ಅವರನ್ನೇ ಆ ಮಾರಿಯು ಕೊಂಡೊಯ್ದಿತು. ಇಪ್ಪತ್ತೊಂದರ ಹರೆಯದಲ್ಲಿ ಸೌಂದರಂ ವಿಧವೆಯಾದರು.

ಆ ಕಾಲದ ಅಯ್ಯಂಗಾರ್ ಮನೆತನದಲ್ಲಿ ವಿಧವೆಯ ಮುಂದಿದ್ದ ಹಾದಿ ಯಾವುದೆಂಬುದನ್ನು ವಿವರಿಸಬೇಕಾಗಿಲ್ಲ. ನಮ್ಮ ಅಜ್ಜಿಯರ ಕಾಲದ ಮನೆಗಳನ್ನು ನೆನೆದರೆ ಸಾಕು. ಅವರು ಹಿಡಿದದ್ದು ಪುಸ್ತಕದ ಹಾದಿಯನ್ನು. ದೆಹಲಿಯ ಲೇಡಿ ಹಾರ್ಡಿಂಜ್ ವೈದ್ಯಕೀಯ ಕಾಲೇಜನ್ನು ಸೇರಿ, ತಮಗಿಂತ ಎಷ್ಟೋ ಕಿರಿಯರಾದ ಹುಡುಗಿಯರ ಜೊತೆಯಲ್ಲಿ ಬೆಂಚಿನ ಮೇಲೆ ಕುಳಿತು ಓದಿ, 1936ರಲ್ಲಿ ವೈದ್ಯ ಪದವಿಯನ್ನು ಪಡೆದರು. ಆಗ ಅವರಿಗೆ ಸುಮಾರು ಮೂವತ್ತೆರಡು ವರ್ಷ. ಆ ಕಾಲೇಜಿನಲ್ಲಿ ಒದಗಿದ ಸುಶೀಲಾ ನಯ್ಯರರ ಸ್ನೇಹವು ಅವರನ್ನು ಗಾಂಧೀಜಿಯ ಸನ್ನಿಧಿಗೆ ಕರೆದೊಯ್ದಿತು. ಅಲ್ಲಿನ ಹರಿಜನ ಸೇವೆಯ ಕಾರ್ಯದಲ್ಲಿ ಜಿ. ರಾಮಚಂದ್ರನ್ ಅವರ ಪರಿಚಯವಾಯಿತು. ಇವರು ತಿರುವಾಂಕೂರಿನ ನೆಯ್ಯಾಟ್ಟಿನ್ಕರೆಯ ಕಡೆಯವರು, ಶಾಂತಿನಿಕೇತನದ ವಿದ್ಯಾರ್ಥಿ, ಗಾಂಧೀಜಿಯ ನೆಚ್ಚಿನ ಶಿಷ್ಯರಲ್ಲೊಬ್ಬರು.

ಇಬ್ಬರೂ ಮದುವೆಯಾಗಲು ಬಯಸಿದರು. ವಿಧವೆಯ ಮರುವಿವಾಹ, ಅದರಲ್ಲಿಯೂ ಜಾತಿಯ ಹೊರಗೆ! ತಂದೆ ಒಪ್ಪಲಿಲ್ಲ. ಗಾಂಧೀಜಿಯೂ ತಟ್ಟನೆ ಹರಸಿಬಿಡಲಿಲ್ಲ. ಒಂದು ವರ್ಷ ಕಾಲ ಪರಸ್ಪರ ಭೇಟಿಯಿಲ್ಲದೆ, ಪತ್ರವಿಲ್ಲದೆ ಇದ್ದು ನೋಡಿರಿ, ಆ ಮೇಲೂ ಮನಸ್ಸು ಹೀಗೆಯೇ ಇದ್ದರೆ ಬನ್ನಿ ಎಂಬರ್ಥದ ನಿಬಂಧನೆಯನ್ನು ಹಾಕಿದರು. ವರ್ಷ ಕಳೆಯಿತು; ಮನಸ್ಸು ಬದಲಾಗಲಿಲ್ಲ. 1940ರ ನವೆಂಬರಿನಲ್ಲಿ ಸೇವಾಗ್ರಾಮದಲ್ಲಿ ಗಾಂಧೀಜಿ ಮತ್ತು ಕಸ್ತೂರಬಾ ಅವರ ಸಮ್ಮುಖದಲ್ಲಿ ವಿವಾಹವು ನಡೆಯಿತು. ವರನ ಧೋತರದ ನೂಲನ್ನು ಗಾಂಧೀಜಿಯೂ ವಧುವಿನ ಸೀರೆಯ ನೂಲನ್ನು ಕಸ್ತೂರಬಾ ಅವರೂ ತೆಗೆದಿದ್ದರೆಂದು ಹೇಳುತ್ತಾರೆ. ಈ ವಿವಾಹವನ್ನು ಕೇವಲ ಕೌಟುಂಬಿಕ ವಿಷಯವೆಂದು ಬದಿಗಿಡುವಂತಿಲ್ಲ. ಮುಂದೆ ಹಳ್ಳಿಯ ಹೆಂಗಸರೆದುರು ನಿಂತು ಮಾತನಾಡುವಾಗ ಅವರ ಮಾತಿಗೆ ಬಂದ ತೂಕದಲ್ಲಿ ವೈದ್ಯ ಪದವಿಯ ಪಾಲೆಷ್ಟೋ, ಈ ವಿವಾಹದ ಪಾಲೂ ಅಷ್ಟೇ ಇದ್ದಿರಬೇಕು.

1942ರ ಚಳುವಳಿಯಲ್ಲಿ ದಂಪತಿಗಳು ಭಾಗವಹಿಸಿದರು. 1944ರ ಫೆಬ್ರವರಿಯಲ್ಲಿ ಕಸ್ತೂರಬಾ ಅವರು ಆಗಾಖಾನ್ ಅರಮನೆಯ ಸೆರೆಯಲ್ಲಿಯೇ ತೀರಿಕೊಂಡ ಬಳಿಕ, ಅವರ ನೆನಪಿಗಾಗಿ ಕೂಡಿದ ನಿಧಿಯನ್ನು ಹಳ್ಳಿಯ ಹೆಂಗಸರ ಮತ್ತು ಮಕ್ಕಳ ಸೇವೆಗೆ ವಿನಿಯೋಗಿಸುವುದೆಂದು ನಿಶ್ಚಯವಾಯಿತು. ಆ ಸ್ಮಾರಕ ಟ್ರಸ್ಟಿನ ದಕ್ಷಿಣದ ಕಾರ್ಯವನ್ನು ಗಾಂಧೀಜಿಯು ಸೌಂದರಂ ಅವರಿಗೆ ಒಪ್ಪಿಸಿದರು. ಇದೇ ಟ್ರಸ್ಟಿನ ಕೆಲಸವನ್ನು ನಮ್ಮ ಕಡೆ ಯಶೋಧರಾ ದಾಸಪ್ಪನವರು ಅರಸೀಕೆರೆಯಲ್ಲಿ ನಡೆಸಿದರು. ಅವರೂ ಮುಂದೆ ಮೈಸೂರಿನ ಶಾಸಕಿಯಾಗಿ, ಮಂತ್ರಿಣಿಯಾಗಿ ಹೆಸರಾದವರು. ಒಂದೇ ಬೇರಿನಿಂದ ಹೊರಟ ಎರಡು ಕೊಂಬೆಗಳಂತಿರುವ ಈ ಇಬ್ಬರನ್ನು ಜೊತೆಯಲ್ಲಿಟ್ಟು ಯಾರಾದರೂ ಬರೆಯಬೇಕು.

ದಿಂಡಿಗಲ್ಲಿನಿಂದ ಮಧುರೆಗೆ ಹೋಗುವ ದಾರಿಯಲ್ಲಿ ಚಿನ್ನಾಳಪಟ್ಟಿ ಎಂಬ ನೇಕಾರರ ಊರಿದೆ. ಮಗ್ಗ ಮತ್ತು ಬಣ್ಣದ ಕೆಲಸದಿಂದ ಹೊಟ್ಟೆ ಹೊರೆಯುವವರು ಅಲ್ಲಿ ಬಹುಮಂದಿ. ಅಲ್ಲಿಯ ಸುಂಗುಡಿ ಸೀರೆಗಳು ತಮಿಳುನಾಡಿನಲ್ಲೆಲ್ಲ ಪ್ರಸಿದ್ಧವಾದುವು. ಈ ಊರಿನಲ್ಲಿ ಸೌಂದರಂ ಅವರು ಚಿಕ್ಕದೊಂದು ಹೆರಿಗೆಯ ಚಿಕಿತ್ಸಾಲಯವನ್ನು ಆರಂಭಿಸಿದರು. 1947ರ ಅಕ್ಟೋಬರಿನಲ್ಲಿ, ದೇಶವು ಸ್ವತಂತ್ರವಾದ ಎರಡು ತಿಂಗಳೊಳಗಾಗಿ, ಊರಿನ ಪಕ್ಕದ ಬಯಲಿನಲ್ಲಿ ದಂಪತಿಗಳು ಗಾಂಧಿಗ್ರಾಮವನ್ನು ಸ್ಥಾಪಿಸಿದರು. ಚಿಕಿತ್ಸಾಲಯವು ಕಸ್ತೂರಬಾ ಆಸ್ಪತ್ರೆಯಾಗಿ ಬೆಳೆಯಿತು. ಅದರ ಸುತ್ತ ಮೂಲಶಿಕ್ಷಣದ ಶಾಲೆ, ಗ್ರಾಮಸೇವಿಕೆಯರ ಮತ್ತು ಸೂಲಗಿತ್ತಿಯರ ತರಬೇತಿ, ಖಾದಿ, ದಿಕ್ಕಿಲ್ಲದ ಮಕ್ಕಳ ಪಾಲನೆ ಇವೆಲ್ಲ ಒಂದೊಂದಾಗಿ ಕೂಡಿಕೊಂಡುವು.

ಸೂಲಗಿತ್ತಿಯರ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಹಳ್ಳಿಯಲ್ಲಿ ಹೆರಿಗೆಯೆಂದರೆ ಅಂದು ಹೆಣ್ಣಿಗೆ ಪುನರ್ಜನ್ಮವೇ ಸರಿ. ತುಕ್ಕು ಹಿಡಿದ ಕುಡುಗೋಲಿನಿಂದ ಹೊಕ್ಕುಳಬಳ್ಳಿ ಕೊಯ್ದರೆ ಮಗುವಿಗೆ ಧನುರ್ವಾಯು. ತೊಳೆಯದ ಕೈಯಿಂದ ತಾಯಿಗೆ ಬಾಣಂತಿ ಜ್ವರ. ಪಟ್ಟಣದ ಆಸ್ಪತ್ರೆಗಳೆಷ್ಟೇ ದೊಡ್ಡವಾದರೂ ನಡುರಾತ್ರಿ ಹೊಲದಂಚಿನ ಗುಡಿಸಲಿಗೆ ಬರಲಾರವು. ಬರುವವಳು ಊರ ಸೂಲಗಿತ್ತಿಯೊಬ್ಬಳೇ. ಅವಳನ್ನು ಅಜ್ಞಾನಿಯೆಂದು ಹಳಿಯುವುದು ಸುಲಭ. ಅವಳಿಗೆ ಕೈ ತೊಳೆಯುವುದನ್ನೂ, ಕತ್ತರಿಯನ್ನು ಕುದಿನೀರಿನಲ್ಲಿ ಅದ್ದುವುದನ್ನೂ, ಯಾವ ಹೆರಿಗೆಯು ತನ್ನ ಕೈಮೀರಿದ್ದೆಂದು ಗುರುತಿಸಿ ವೈದ್ಯರ ಬಳಿಗೆ ಕಳುಹಿಸುವುದನ್ನೂ ಕಲಿಸುವುದು ಕಷ್ಟದ ಕೆಲಸ. ಗಾಂಧಿಗ್ರಾಮವು ಕೈಹಾಕಿದ್ದು ಈ ಕಷ್ಟದ ಕೆಲಸಕ್ಕೆ.

1952ರ ಮೊದಲನೆಯ ಮಹಾಚುನಾವಣೆಯಲ್ಲಿ ಸೌಂದರಂ ಅವರು ಆತ್ತೂರು ಕ್ಷೇತ್ರದಿಂದ ಕಾಂಗ್ರೆಸ್ಸಿನ ಪರವಾಗಿ ಮದರಾಸು ಶಾಸನಸಭೆಗೆ ಆಯ್ಕೆಯಾದರು. ಚಿನ್ನಾಳಪಟ್ಟಿಯ ನೆರೆಯ ಸೀಮೆಯೇ ಅದು. ಅಲ್ಲಿನ ಮತದಾರ ಹೆಂಗಸರಲ್ಲಿ ಅವರ ಆಸ್ಪತ್ರೆಯ ಮೆಟ್ಟಿಲು ಹತ್ತಿದವರೂ ಇದ್ದಿರಬೇಕು. ಆ ಸಭೆಯು ಇಂದಿನ ತಮಿಳುನಾಡಿನದು ಮಾತ್ರವಾಗಿರಲಿಲ್ಲ. 375 ಸ್ಥಾನಗಳ ಆ ವಿಶಾಲ ಸಭೆಯಲ್ಲಿ ಆಂಧ್ರರೂ ಮಲಬಾರಿನವರೂ ಇದ್ದರು. ಕಾಸರಗೋಡನ್ನೊಳಗೊಂಡ ದಕ್ಷಿಣ ಕನ್ನಡದವರೂ ಬಳ್ಳಾರಿಯವರೂ ಇದ್ದರು. ಬಳ್ಳಾರಿಯು 1953ರಲ್ಲಿ ಮೈಸೂರನ್ನು ಸೇರಿತು. ದಕ್ಷಿಣ ಕನ್ನಡವೂ ಕೊಳ್ಳೇಗಾಲವೂ 1956ರಲ್ಲಿ ಸೇರಿದುವು. ಕಾಸರಗೋಡು ಮಾತ್ರ ಕೇರಳದ ಪಾಲಾಯಿತು. ಅಂದರೆ ಕೆಲವು ವರ್ಷ ಕಾಲ ಸೌಂದರಂ ಅವರು ನಮ್ಮವರ ಸಹಸದಸ್ಯೆಯಾಗಿದ್ದರು.

ಮದರಾಸಿನ ಶಾಸನಸಭೆಗೆ ವೈದ್ಯೆಯರು ಹೊಸಬರಾಗಿರಲಿಲ್ಲ. 1927ರಲ್ಲಿಯೇ ಡಾ॥ ಮುತ್ತುಲಕ್ಷ್ಮಿ ರೆಡ್ಡಿಯವರು ಅಲ್ಲಿನ ವಿಧಾನ ಪರಿಷತ್ತಿಗೆ ನಾಮಕರಣಗೊಂಡು, ಉಪಾಧ್ಯಕ್ಷೆಯಾಗಿ, ದೇವದಾಸಿ ಪದ್ಧತಿಯ ವಿರುದ್ಧ ಹೋರಾಡಿದ್ದರು. ಆದರೆ ನಾಮಕರಣವೇ ಬೇರೆ, ವಯಸ್ಕ ಮತದಾನದಲ್ಲಿ ಹಳ್ಳಿಗರ ಮತ ಪಡೆಯುವುದೇ ಬೇರೆ. ಸೌಂದರಂ ಅವರು 1957ರಲ್ಲಿ ಎರಡನೆಯ ಬಾರಿ, ವೇಡಸಂದೂರಿನಿಂದ, ಗೆದ್ದು ಬಂದರು. ಅದು ಹೊಗೆಸೊಪ್ಪು ಬೆಳೆಯುವ ಬಿರುನೆಲದ ಸೀಮೆ. ಆ ಹತ್ತು ವರ್ಷಗಳು ಮದರಾಸಿನ ಶಾಲೆಗಳ ಇತಿಹಾಸದಲ್ಲಿ ಮಹತ್ತ್ವದವು. 1953ರಲ್ಲಿ ರಾಜಾಜಿಯವರು ತಂದ ಅರೆದಿನದ ಶಾಲೆಯ ಯೋಜನೆಯು ಭಾರಿ ವಿರೋಧವನ್ನೆಬ್ಬಿಸಿತು. ಮರುವರ್ಷ ಅಧಿಕಾರಕ್ಕೆ ಬಂದ ಕಾಮರಾಜರು ಅದನ್ನು ಕೈಬಿಟ್ಟು, ಹಳ್ಳಿಹಳ್ಳಿಗೆ ಶಾಲೆಯನ್ನೂ, 1956ರಿಂದ ಶಾಲಾಮಕ್ಕಳಿಗೆ ಮಧ್ಯಾಹ್ನದ ಊಟವನ್ನೂ ಒದಗಿಸಿದರು. ಹಸಿದ ಮಗುವಿಗೆ ಕಾಗುಣಿತ ಹತ್ತದೆಂಬುದು ಉಪಾಧ್ಯಾಯರಿಗೆ ಹೊಸತಾಗಿ ಹೇಳಬೇಕಾದ ಮಾತಲ್ಲ.

ಅದೇ 1956ರಲ್ಲಿ ಗಾಂಧಿಗ್ರಾಮದಲ್ಲಿ ಗ್ರಾಮೀಣ ಉನ್ನತ ಶಿಕ್ಷಣ ಸಂಸ್ಥೆಯು ಆರಂಭವಾಯಿತು. ಹಳ್ಳಿಯ ಹುಡುಗನು ಪಟ್ಟಣಕ್ಕೆ ಓಡಿಹೋಗದೆ ಹಳ್ಳಿಯ ವಿದ್ಯೆಯನ್ನೇ ಕಾಲೇಜಿನ ಮಟ್ಟದಲ್ಲಿ ಕಲಿಯಬೇಕೆಂದು ಡಾ॥ ಕೆ. ಎಲ್. ಶ್ರೀಮಾಲಿಯವರ ಅಧ್ಯಕ್ಷತೆಯ ಸಮಿತಿಯು ಸೂಚಿಸಿದುದರ ಫಲವಿದು. ಇದೇ ಯೋಜನೆಯಲ್ಲಿ ಮುಂದೆ ರಾಣಿಬೆನ್ನೂರಿನ ಬಳಿಯ ಹನುಮನಮಟ್ಟಿಯಲ್ಲಿಯೂ ಒಂದು ಸಂಸ್ಥೆ ಬಂದಿತು. ಅವುಗಳಲ್ಲಿ ಗಾಂಧಿಗ್ರಾಮವು 1976ರಲ್ಲಿ ವಿಶ್ವವಿದ್ಯಾಲಯವೆಂದು ಪರಿಗಣಿತವಾಯಿತು.

ಇನ್ನು ಅವರ ಜೀವನದ ಅತ್ಯಂತ ಕುತೂಹಲಕರವಾದ ಅಧ್ಯಾಯಕ್ಕೆ ಬರೋಣ. ಗಾಂಧೀಜಿಯು ಕೃತಕ ಸಂತಾನ ನಿಯಂತ್ರಣವನ್ನು ಒಪ್ಪಿದವರಲ್ಲ. 1935ರ ಡಿಸೆಂಬರಿನಲ್ಲಿ ಅಮೆರಿಕದ ಮಾರ್ಗರೆಟ್ ಸ್ಯಾಂಗರ್ ಎಂಬಾಕೆ ವಾರ್ಧಾಕ್ಕೆ ಬಂದು ವಾದಿಸಿದಾಗಲೂ ಅವರು ಸಂಯಮವೊಂದೇ ದಾರಿಯೆಂದರು. (ಅದಕ್ಕೂ ಮೊದಲೇ, 1930ರಲ್ಲಿ, ಮೈಸೂರು ಸರಕಾರವು ತನ್ನ ಆಸ್ಪತ್ರೆಗಳಲ್ಲಿ ಇದಕ್ಕಾಗಿ ಚಿಕಿತ್ಸಾಲಯಗಳನ್ನು ತೆರೆದಿತ್ತೆಂಬುದು ಕನ್ನಡಿಗರು ನೆನೆಯಬೇಕಾದ ಸಂಗತಿ.) ಹೀಗಿರುವಲ್ಲಿ, ಗಾಂಧಿಯ ಹೆಸರನ್ನೇ ಹೊತ್ತ ಗ್ರಾಮದಲ್ಲಿ, ಅವರ ಕೈಯಿಂದ ಧಾರೆಯೆರೆಸಿಕೊಂಡವರ ಆಶ್ರಯದಲ್ಲಿ, 1959ರಲ್ಲಿ ಆತ್ತೂರು ಬ್ಲಾಕಿಗಾಗಿ ಪ್ರಾಯೋಗಿಕ ಆರೋಗ್ಯ ಯೋಜನೆಯೊಂದು ಆರಂಭವಾಯಿತು. ಕೇಂದ್ರ ಸರಕಾರ, ಮದರಾಸು ಸರಕಾರ, ಫೋರ್ಡ್ ಪ್ರತಿಷ್ಠಾನ ಇವು ಅದರ ಬೆಂಬಲಕ್ಕಿದ್ದುವು. ಕುಟುಂಬ ಯೋಜನೆಯು ಅದರ ಮುಖ್ಯ ಅಂಗ. 1964ರಲ್ಲಿ ಅದು ಗ್ರಾಮೀಣ ಆರೋಗ್ಯ ಮತ್ತು ಕುಟುಂಬ ಯೋಜನಾ ಸಂಸ್ಥೆಯಾಗಿ ನೆಲೆಗೊಂಡು, ದೇಶದ ನಾನಾ ಕಡೆಯ ಕಾರ್ಯಕರ್ತರಿಗೆ ಶಿಕ್ಷಣ ಕೊಡುವಂತಾಯಿತು.

ಇದು ಗುರುದ್ರೋಹವೆ? ಹಾಗೆಂದು ಮೂಗು ಮುರಿದವರಿದ್ದರೆ ಆಶ್ಚರ್ಯವಿಲ್ಲ. ನನಗೆ ತೋರುವುದು ಬೇರೆ. ಏಳನೆಯದೋ ಎಂಟನೆಯದೋ ಬಸಿರಿನಲ್ಲಿ ರಕ್ತವಿಲ್ಲದೆ ಬಿಳಿಚಿ ಬಂದ ತಾಯಿಗೆ, ಸಂಯಮದಿಂದಿರು ತಾಯೆ ಎಂದು ಉಪದೇಶಿಸಿ ಕಳುಹಿಸಲು ವೈದ್ಯೆಗೆ ಬಾಯಿ ಬಾರದು. ಸಂಯಮವು ಅವಳ ಕೈಯಲ್ಲಿರಲಿಲ್ಲ. ಗುರುವಿನ ಮಾತಿಗೂ ಗುರು ಒಪ್ಪಿಸಿದ ಕೆಲಸಕ್ಕೂ ತಾಗಾಟ ಬಂದಲ್ಲಿ ಗಾಂಧಿಗ್ರಾಮವು ಕೆಲಸವನ್ನು ಆರಿಸಿಕೊಂಡಿತು. ಆ ಕೆಲಸವು ನಡೆದ ರೀತಿಯನ್ನೂ ನೋಡಬೇಕು. ಊರಿನ ಹಿರಿಯರನ್ನೂ ಮುಂದಾಳುಗಳನ್ನೂ ಮೊದಲು ಒಪ್ಪಿಸಿ, ಅವರ ಬಾಯಿಂದಲೇ ಜನರಿಗೆ ತಿಳಿಹೇಳಿಸುವುದು ಗಾಂಧಿಗ್ರಾಮದ ಪದ್ಧತಿಯಾಗಿತ್ತು. ತುರ್ತುಪರಿಸ್ಥಿತಿಯ ಕಾಲದಲ್ಲಿ ಉತ್ತರದ ಹಳ್ಳಿಗಳಲ್ಲಿ ನಡೆದ ಬಲಾತ್ಕಾರದ ಶಸ್ತ್ರಚಿಕಿತ್ಸೆಗಳನ್ನು ಬಲ್ಲವರಿಗೆ ಈ ಎರಡು ದಾರಿಗಳ ಅಂತರವು ತಿಳಿದೀತು.

1962ರಲ್ಲಿ ಅವರಿಗೆ ಪದ್ಮಭೂಷಣ ಪ್ರಶಸ್ತಿ ಬಂದಿತು. ಆ ವರ್ಷವೇ ದಿಂಡಿಗಲ್ಲಿನಿಂದ ಲೋಕಸಭೆಗೆ ಆಯ್ಕೆಯಾಗಿ, ಕೇಂದ್ರದಲ್ಲಿ ಶಿಕ್ಷಣ ಇಲಾಖೆಯ ಉಪಮಂತ್ರಿಯಾದರು. ಇಲಾಖೆಯ ಮಂತ್ರಿಯಾಗಿದ್ದವರು ಹಿಂದೆ ಹೇಳಿದ ಶ್ರೀಮಾಲಿಯವರೇ. 1964ರಲ್ಲಿ ಕೊಠಾರಿ ಆಯೋಗವು ನೇಮಕಗೊಂಡುದು ಇವರು ಆ ಇಲಾಖೆಯಲ್ಲಿದ್ದ ಅವಧಿಯಲ್ಲಿಯೇ.

1967ರ ಚುನಾವಣೆಯಲ್ಲಿ ಅವರು ಸೋತರು. ಹಿಂದೀ ವಿರೋಧದ ಚಳುವಳಿ, ಅಕ್ಕಿಯ ಅಭಾವ ಇವೆರಡೂ ಸೇರಿ ಎದ್ದ ಆ ಅಲೆಯಲ್ಲಿ ಕಾಮರಾಜರೇ ತಮ್ಮ ಹುಟ್ಟೂರಾದ ವಿರುದುನಗರದಲ್ಲಿ ವಿದ್ಯಾರ್ಥಿ ನಾಯಕನೊಬ್ಬನಿಗೆ ಸೋತಮೇಲೆ ಉಳಿದವರ ಮಾತೇನು? ಸೋತ ರಾಜಕಾರಣಿಗಳಿಗೆ ಹಗಲು ಬಹಳ ದೀರ್ಘವಾಗುತ್ತದೆಂದು ಹೇಳುವುದುಂಟು. ಸೌಂದರಂ ಅವರಿಗೆ ಆ ತೊಂದರೆಯಿರಲಿಲ್ಲ. ಗಾಂಧಿಗ್ರಾಮದಲ್ಲಿ ಆಸ್ಪತ್ರೆಯಿತ್ತು, ಮಕ್ಕಳಿದ್ದರು, ಕೆಲಸವಿತ್ತು.

ಆ ಸೀಮೆಯಿಂದ ಮುಂದೆಯೂ ಮಹಿಳೆಯರು ಶಾಸನಸಭೆಯನ್ನು ಪ್ರವೇಶಿಸಿದರು. ಮೇಲುಕೋಟೆಯಲ್ಲಿ ಜನಿಸಿದ ಜಯಲಲಿತಾ ಅವರು 1989ರಲ್ಲಿ ಬೋಡಿನಾಯಕನೂರಿನಿಂದ ಗೆದ್ದು ವಿರೋಧ ಪಕ್ಷದ ನಾಯಕಿಯಾದರು. 2002ರಲ್ಲಿ ಆಂಡಿಪಟ್ಟಿಯಿಂದ ಗೆದ್ದು ಮುಖ್ಯಮಂತ್ರಿಯಾದರು. ಅವರ ಕಥೆಯೇ ಬೇರೆ. ಅದನ್ನು ಬಲ್ಲವರು ಬಹಳ.

ಡಾ॥ ಸೌಂದರಂ ಅವರು 1984ರ ಅಕ್ಟೋಬರ್ 21ರಂದು ನಿಧನರಾದರು. ಅವರು ಗೆದ್ದ ಕ್ಷೇತ್ರಗಳು ಆಗ ಮಧುರೆ ಜಿಲ್ಲೆಯಲ್ಲಿದ್ದುವು. ದಿಂಡಿಗಲ್ಲು ಬೇರೆ ಜಿಲ್ಲೆಯಾದುದು ಮರುವರ್ಷ. 2005ರ ಅಕ್ಟೋಬರ್ 2ರಂದು ಅಂಚೆ ಇಲಾಖೆಯು ಅವರ ಚಿತ್ರವಿರುವ ಅಂಚೆಚೀಟಿಯನ್ನು ಹೊರಡಿಸಿತು. ಚಿನ್ನಾಳಪಟ್ಟಿಯ ಪಕ್ಕದಲ್ಲಿ ಕಸ್ತೂರಬಾ ಆಸ್ಪತ್ರೆಯು ಈಗಲೂ ಇದೆ. ಸುತ್ತಲಿನ ಹಳ್ಳಿಗಳ ಬಸುರಿಯರು ಈಗಲೂ ಅಲ್ಲಿಗೆ ಬರುತ್ತಾರೆ.